ಹಕ್ಕಿಜ್ವರಕ್ಕೆ ಸರ್ಕಾರದ ದುಡ್ಡು: ಕೋಳಿ ಕೊಂದ ಮೇಲೆ ಮಾತ್ರವಾ, ಬರೋಕೆ ಮುಂಚೆ ಏನೂ ಇಲ್ವಾ?

ಹಳ್ಳಿಕೋಳಿ
2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ, ಸಂಡೂರು ತಾಲ್ಲೂಕಿನ ಕುರೇಕುಪ್ಪ ಎರಡೂ ಕಡೆ ಹಕ್ಕಿಜ್ವರ ಬಂತು. ಆಗ ಪೇಪರಲ್ಲಿ ಬಂದದ್ದೆಲ್ಲ ಎಷ್ಟು ಕೋಳಿ ಕೊಂದರು, ಎಷ್ಟು ಕಿಲೋಮೀಟರ್ ಸೀಲ್ ಮಾಡಿದರು ಅನ್ನೋದೇ. ರೋಗ ಬಾರದ ಹಾಗೆ ನೋಡ್ಕೊಳ್ಳೋಕೆ ಅಂತ ಸರ್ಕಾರ ಕೊಡೋ ದುಡ್ಡು ಎಲ್ಲಿದೆ? ಯಾವ ಯೋಜನೆ, ಬಜೆಟ್ಟಿನ ಯಾವ ಹೆಡ್ಡು? 5 ಸಾವಿರ ಕೋಳಿ ಸಾಕೋನು ಗೇಟಿಗೆ ಕಾಲು ಅದ್ದೋ ಔಷಧದ ಒಂದು ಟಬ್ಬು ಇಡೋಕೂ ಅದರಿಂದ ಏನಾದ್ರೂ ಸಿಗುತ್ತಾ? ಇನ್ನೊಂದು, ಕೆರೆಗೆ ಬರೋ ಹಕ್ಕಿಗಳ ಮೇಲೆ ಕಣ್ಣಿಡೋ ಖರ್ಚು ಯಾರದ್ದು, ಪಶುಸಂಗೋಪನೆಯವರದ್ದಾ ಅರಣ್ಯದವರದ್ದಾ? ಗೊತ್ತಿರೋರು ಬಿಡಿಸಿ ಹೇಳಿ. ರಾಜಕೀಯ ಬೇಡ.

ಬರೀ ಓದುಗ
ರಾಜಕೀಯ ಬೇಡ ಅಂದ್ರೆ ದುಡ್ಡಿನ ವಿಷಯ ಹೇಗೆ ಮಾತಾಡೋದು ಸ್ವಾಮಿ 😄

ಲೆಕ್ಕದ ಮೇಷ್ಟ್ರು
ಹೆಡ್ಡು ಕೇಳಿದ್ರಿ, ತಗೊಳ್ಳಿ. ಕೇಂದ್ರದ್ದು ಜಾನುವಾರು ಆರೋಗ್ಯ ಮತ್ತು ರೋಗ ನಿಯಂತ್ರಣ ಕಾರ್ಯಕ್ರಮ. 2024-25 ಮತ್ತು 2025-26 ಎರಡೂ ವರ್ಷಕ್ಕೆ ಸೇರಿಸಿ 3,880 ಕೋಟಿ ಅಂತ 2025ರ ಮಾರ್ಚಲ್ಲಿ ಸಂಪುಟ ಒಪ್ಪಿತು. ಮೊತ್ತ ನೋಡಿ ಖುಷಿ ಪಡಬೇಡಿ. ಕಾಲುಬಾಯಿ ಜ್ವರ, ಬ್ರುಸೆಲ್ಲಾ, ಆಡು-ಕುರಿಯ ಪಿಪಿಆರ್, ಹಂದಿಜ್ವರ, ಸಂಚಾರಿ ಪಶು ಆಸ್ಪತ್ರೆ ಗಾಡಿ, ಅಗ್ಗದ ಔಷಧ ಎಲ್ಲಾ ಅದರಲ್ಲೇ. ಹಕ್ಕಿಜ್ವರ ಕೂತಿರೋದು ಅದರೊಳಗಿನ 'ಆಸ್ಕ್ಯಾಡ್' ಅನ್ನೋ ಸಣ್ಣ ಕೋಣೇಲಿ, ಅಂದ್ರೆ ರೋಗ ನಿಯಂತ್ರಣಕ್ಕೆ ರಾಜ್ಯಗಳಿಗೆ ನೆರವು. ಕೊಂದ ಕೋಳಿಗೆ ಪರಿಹಾರ ಬರೋದು ಅಲ್ಲಿಂದಲೇ. ನಮ್ಮಂಥ ರಾಜ್ಯಕ್ಕೆ ಪರಿಹಾರದ ಹಂಚಿಕೆ ಅರ್ಧ ಕೇಂದ್ರ, ಅರ್ಧ ರಾಜ್ಯ.

ಗೇಟಿನ ಟಬ್ಬಿಗೆ ಅಂತ ಹೆಡ್ಡು ಇಲ್ಲ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಅದು.

ಪಶುವೈದ್ಯ ಕೋಲಾರ
ಮೇಷ್ಟ್ರೇ, ಪೂರ್ತಿ ಇಲ್ಲ ಅನ್ನೋಕಾಗಲ್ಲ. ಮುಂಜಾಗ್ರತೆಗೆ ದುಡ್ಡು ಹೋಗುತ್ತೆ, ಆದರೆ ರೈತನ ಗೇಟಿಗಲ್ಲ, ಲ್ಯಾಬಿಗೆ. ಮಾದರಿ ಸಂಗ್ರಹ, ಪಿಪಿಇ ಕಿಟ್ಟು, ಸಿಬ್ಬಂದಿ ತರಬೇತಿ, ಪ್ರಯೋಗಾಲಯ. ದಕ್ಷಿಣದ ರಾಜ್ಯಗಳ ಮಾದರಿ ನೋಡೋ ಪ್ರಾದೇಶಿಕ ಲ್ಯಾಬ್ ಬೆಂಗಳೂರಿನ ಹೆಬ್ಬಾಳದಲ್ಲಿದೆ. ಕೊನೇ ಮಾತು ಮಾತ್ರ ಭೋಪಾಲಿನ ಹೈ ಸೆಕ್ಯುರಿಟಿ ಸಂಸ್ಥೆಯದ್ದು. ಅಲ್ಲಿಂದ ಪಾಸಿಟಿವ್ ಅಂತ ಬರೋವರೆಗೆ ಕಾನೂನು ಪ್ರಕಾರ ಅದು ಹಕ್ಕಿಜ್ವರ ಅಲ್ಲ. ಕಲ್ಲಿಂಗ್ (ಆದೇಶದ ಮೇಲೆ ಕೋಳಿ ಕೊಲ್ಲೋದು) ಇಲ್ಲ, ಪರಿಹಾರವೂ ಇಲ್ಲ.

2024ರ ಅಕ್ಟೋಬರಲ್ಲಿ ಶುರುವಾದ, ಮಹಾಮಾರಿ ತಡೆಗೆ ಅಂತ ಇರೋ ಅಂತರರಾಷ್ಟ್ರೀಯ ಪ್ಯಾಂಡೆಮಿಕ್ ಫಂಡಿನ 2.5 ಕೋಟಿ ಡಾಲರ್ ಯೋಜನೇನೂ ಇದೇ ದಾರಿ: ಲ್ಯಾಬು, ಡೇಟಾ, ತರಬೇತಿ. ಬೇಕಾದ್ದೇ. ಆದರೆ ವೈರಸ್ ಶೆಡ್ಡಿಗೆ ನುಗ್ಗೋದು ಚಪ್ಪಲಿ ಮೂಲಕ, ಟ್ರೇ ಮೂಲಕ, ಗೊಬ್ಬರದ ಲಾರಿ ಮೂಲಕ. ಅದನ್ನ ಲ್ಯಾಬ್ ತಡೆಯಲ್ಲ.

ಹೊಸಪೇಟೆ ತತ್ತಿ
ಪರಿಹಾರದ ರೇಟಾರ ಹೇಳ್ರಿ ಮೊದ್ಲ. ಅದನ್ನ ಕೇಳಿದ್ರ ಗೊತ್ತಾಗ್ತೈತಿ ಮಂದಿ ಯಾಕ ಬಾಯಿ ಬಿಡಂಗಿಲ್ಲ ಅಂತ.

ಲೆಕ್ಕದ ಮೇಷ್ಟ್ರು
2021ರ ಜನವರಿಯಲ್ಲಿ ಮಹಾರಾಷ್ಟ್ರ ಘೋಷಿಸಿದ ಪಟ್ಟಿ ಹೇಳ್ತೀನಿ. 8 ವಾರ ದಾಟಿದ ಲೇಯರ್ (ಮೊಟ್ಟೆ ಕೋಳಿ) 90 ರೂ., ಅದಕ್ಕಿಂತ ಚಿಕ್ಕದು 20. 6 ವಾರ ದಾಟಿದ ಬ್ರಾಯ್ಲರ್ (ಮಾಂಸದ ಕೋಳಿ) 70, ಒಳಗಿದ್ರೆ 20. ದೊಡ್ಡ ಬಾತು 135. ಮೊಟ್ಟೆಗೆ 3 ರೂ., ನಾಶ ಮಾಡಿದ ಫೀಡಿಗೆ ಕೆ.ಜಿ.ಗೆ 12. ಅದೇ ತಿಂಗಳು ಕೇರಳ ದೊಡ್ಡ ಬಾತಿಗೆ 200, ಮರಿಗೆ 100 ಅಂತ ತನ್ನದೇ ಲೆಕ್ಕ ಹಾಕಿತು. ನಿಮ್ಮ ಜಿಲ್ಲೇಲಿ ಇವತ್ತು ಯಾವ ಆದೇಶ ಚಾಲ್ತೀಲಿದೆ ಅಂತ ಉಪನಿರ್ದೇಶಕರ ಕಚೇರೀಲಿ ಕೇಳ್ಕೊಳ್ಳಿ.

ಈಗ ಆ ಪಟ್ಟೀನ ಖರ್ಚಿನ ಪಕ್ಕ ಇಡಿ. ಒಂದು ಲೇಯರ್ ಪುಲೆಟ್, ಅಂದ್ರೆ ಇನ್ನೂ ಮೊಟ್ಟೆಗೆ ಬರದ ಎಳೆ ಕೋಳಿ, 18 ವಾರಕ್ಕೆ ಸುಮಾರು ಆರೂವರೆ ಕೆ.ಜಿ. ಫೀಡ್ ತಿನ್ನುತ್ತೆ. ಕೆ.ಜಿ.ಗೆ 30 ರೂ. ಹಿಡಿದ್ರೆ 195. ಮರಿ 45, ಲಸಿಕೆ-ಔಷಧ 20, ಕೂಲಿ-ಕರೆಂಟು 25 ಸೇರಿಸಿ. 285. ಇನ್ನೂ ಒಂದು ಮೊಟ್ಟೆ ಇಟ್ಟಿರಲ್ಲ. ಕೈಗೆ ಬರೋದು 90.

ಹೊಸಪೇಟೆ ತತ್ತಿ
ಹಂಗಾದ್ರ ದಿನಕ್ಕ ಇಪ್ಪತ್ತು ಕೋಳಿ ಸಾಯಾಕ ಹತ್ತಿದ ಕೂಡ್ಲೆ ಮಂದಿ ಏನ್ ಮಾಡ್ತಾರ? ಡಾಕ್ಟ್ರಿಗೆ ಫೋನ್ ಹಚ್ಚಂಗಿಲ್ಲ, ವ್ಯಾಪಾರಿಗೆ ಹಚ್ತಾರ. ರಾತ್ರಿ ಗಾಡಿ ಬರ್ತೈತಿ, ಉಳಿದ ಕೋಳಿ ಮೂರು ಜಿಲ್ಲಾ ದಾಟ್ತಾವ. ರೋಗ ಹಬ್ಬಿಸಿದ್ದು ಹಾರೋ ಹಕ್ಕಿನೋ, ಈ ರೇಟ್ ಪಟ್ಟಿನೋ?

ಪಶುವೈದ್ಯ ಕೋಲಾರ
ಅದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಪರಿಹಾರ ಕೊಡೋದು ಕೊಂದ ಕೋಳಿಗೆ. ತಂಡ ಬರೋಕೆ ಮುಂಚೆ ತಾನಾಗೇ ಸತ್ತಿದ್ದಕ್ಕೆ ಇಲ್ಲ. ಎಚ್5ಎನ್1 (ಹಕ್ಕಿಜ್ವರದ ಉಗ್ರ ವೈರಸ್) ಬಿದ್ದ ಶೆಡ್ಡಲ್ಲಿ ಮೊದಲ ದಿನ 10, ಮಾರನೇ ದಿನ 80, ಮೂರನೇ ದಿನ 600, ಆ ಓಟದಲ್ಲಿ ಸಾವು ಹೋಗಬಹುದು. ನಾಲ್ಕು ದಿನ ಕಾದು ನೋಡೋಣ ಅಂದೋನಿಗೆ ಎಣಿಸೋಕೆ ಕೋಳಿನೇ ಉಳಿದಿರಲ್ಲ. ಬೇಗ ಹೇಳಿದೋನಿಗೆ ಜಾಸ್ತಿ ಸಿಗಲಿ ಅಂತಲೇ ಈ ನಿಯಮ ಇಟ್ಟಿರೋದು. ಲೆಕ್ಕ ಸರಿ. ರೇಟು 90 ಇದ್ದಾಗ ಮಾತ್ರ ಅದು ಉಲ್ಟಾ ಹೊಡೆಯುತ್ತೆ.

ಅನುಮಾನ ಬಂದ ದಿನ ಮಾಡಬೇಕಾದ್ದು:

ಸತ್ತ ಕೋಳಿ ಕೊಯ್ದು ನೋಡಬೇಡಿ. ಊರಿನ ಔಷಧ ಅಂಗಡಿಯೋನ ಕೈಲೂ ಕೊಯ್ಯಿಸಬೇಡಿ. ಕೊಕ್ಕರೆ ರೋಗಕ್ಕೂ (ರಾಣಿಖೇತ್) ಹಕ್ಕಿಜ್ವರಕ್ಕೂ ಹೊರಗಿನ ಲಕ್ಷಣ ಒಂದೇ ಥರ ಇರುತ್ತೆ: ಜುಟ್ಟು ನೀಲಿ, ಕಾಲಲ್ಲಿ ರಕ್ತ ಹೆಪ್ಪು, ಹಸಿರು ಭೇದಿ, ಕತ್ತು ತಿರುಚೋದು. ಕಣ್ಣಲ್ಲಿ ನೋಡಿ ಹೇಳೋರನ್ನ ನಂಬಬೇಡಿ, ನನ್ನನ್ನೂ ಸೇರಿಸಿ. ತಾಜಾ ಸತ್ತದ್ದನ್ನ ಇಡಿಯಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ, ಮೇಲೆ ಇನ್ನೊಂದು ಕವರ್, ಆಮೇಲೆ ಐಸ್ ಪ್ಯಾಕ್ ಇರೋ ಥರ್ಮೋಕೋಲ್ ಡಬ್ಬ. ಡೀಪ್ ಫ್ರೀಜರ್ ಬೇಡ. ಫಾರ್ಮಲಿನ್ ಅಂತೂ ಸುತರಾಂ ಬೇಡ, ಹಾಕಿದ್ರೆ ವೈರಸ್ ಬೆಳೆಸಿ ನೋಡೋಕಾಗಲ್ಲ. ಬದುಕಿರೋ ಕೋಳಿಯ ಗಂಟಲು ಮತ್ತು ಗುದದ ಸ್ವಾಬ್ (ಹತ್ತಿಕಡ್ಡಿ ಮಾದರಿ) ತೆಗೆಯೋದು ಇಲಾಖೆಯವರ ಕೆಲಸ. ಅದು 4 ಡಿಗ್ರೀಲೇ ಹೋಗಬೇಕು.

ಅವತ್ತಿಂದಲೇ ಶೆಡ್ಡಿನ ರಿಜಿಸ್ಟರಲ್ಲಿ ದಿನದ ಸಾವು, ಉಳಿದ ಕೋಳಿ, ಫೀಡ್ ದಾಸ್ತಾನು ಬರೀರಿ. ಮರಿ ತಂದ ಬಿಲ್ಲು, ಫೀಡ್ ಬಿಲ್ಲು ಒಂದು ಫೈಲಿಗೆ. ಎಣಿಕೆ ಪಂಚನಾಮೆ ಹೊತ್ತಿಗೆ ಬಾಯಿಮಾತು ಲೆಕ್ಕಕ್ಕೆ ಬರಲ್ಲ.

ಕಡಲಬದಿ
ಒಂದು ಡೌಟು ಮಾರಾಯ್ರೆ. ಕಾಂಟ್ರಾಕ್ಟ್ ಬ್ರಾಯ್ಲರ್ ಆದ್ರೆ? ಮರಿ ಕಂಪನಿದು, ಫೀಡ್ ಕಂಪನಿದು. ಶೆಡ್ಡು, ಕರೆಂಟು, ಕೂಲಿ ರೈತಂದು. ಪರಿಹಾರ ಯಾರ ಖಾತೆಗೆ ಹೋಗೋದು?

ಲೆಕ್ಕದ ಮೇಷ್ಟ್ರು
ಕೋಳಿ ಯಾರದ್ದೋ ಅವರಿಗೆ. ರೈತನಿಗೆ ಬರಬೇಕಾದ್ದು ಕೆ.ಜಿ. ಲೆಕ್ಕದ ಸಾಕಣೆ ಕೂಲಿ, ಕೋಳಿ ತೂಕಕ್ಕೇ ಬರದಿದ್ರೆ ಅದೂ ಸೊನ್ನೆ. ಹಾಗಾಗಿ ಅಗ್ರಿಮೆಂಟಿಗೆ ಸಹಿ ಹಾಕೋವಾಗಲೇ ಒಂದು ಸಾಲು ಸೇರಿಸಿಕೊಳ್ಳಿ: ಸರ್ಕಾರಿ ಆದೇಶದಿಂದ ಕೋಳಿ ಕೊಂದ್ರೆ ಪರಿಹಾರದಲ್ಲಿ ಸಾಕಿದ ದಿನಗಳ ಪ್ರಕಾರ ಸಾಕಣೆದಾರನ ಪಾಲು ಇಷ್ಟು ಅಂತ. ಆಮೇಲೆ ಕೇಳಿದ್ರೆ ಸೂಪರ್‌ವೈಸರ್ ಫೋನೇ ಎತ್ತಲ್ಲ.

ಬೋಸ್ಟನ್ ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಆ ಪಾಲು ನಿಯಮದಲ್ಲೇ ಇದೆ, ಮಾಲೀಕನಿಗೂ ಕಾಂಟ್ರಾಕ್ಟ್ ಸಾಕಣೆದಾರನಿಗೂ ಹಂಚ್ತಾರೆ. 2025ರ ಫೆಬ್ರವರಿಯಲ್ಲಿ ಇಲ್ಲಿನ ಕೃಷಿ ಇಲಾಖೆ 100 ಕೋಟಿ ಡಾಲರ್ ಯೋಜನೆ ಹೇಳಿತು: 50 ಕೋಟಿ ಫಾರ್ಮ್ ಸುರಕ್ಷತೆಗೆ, 40 ಕೋಟಿ ರೈತರ ಪರಿಹಾರಕ್ಕೆ, 10 ಕೋಟಿವರೆಗೆ ಲಸಿಕೆ ಮತ್ತು ಚಿಕಿತ್ಸೆಯ ಸಂಶೋಧನೆಗೆ. ಅದಕ್ಕೂ ಮುಂಚೆ, 2024ರ ಡಿಸೆಂಬರಲ್ಲಿ, ಒಮ್ಮೆ ರೋಗ ಬಂದ ದೊಡ್ಡ ಫಾರ್ಮಿಗೆ ಮತ್ತೆ ಬಂದ್ರೆ ಸುರಕ್ಷತಾ ಆಡಿಟ್ ಪಾಸಾಗಿದ್ರೆ ಮಾತ್ರ ಪರಿಹಾರ ಅಂತ ನಿಯಮ ತಂದ್ರು. ಕಾರಣ ಸರಳ. ಕೆಲವು ಫಾರ್ಮು ಎರಡು ಮೂರು ಸಲ ಪರಿಹಾರ ತಗೊಂಡ್ರೂ ಬಾಗಿಲು ಸರಿ ಮಾಡಿಸಿರಲಿಲ್ಲ.

ಹೊಸಪೇಟೆ ತತ್ತಿ
ನಮ್ಮಲ್ಲಿ ಆಡಿಟ್ ಮಾಡಾಕ ಯಾರ್ ಬರ್ತಾರ್ರಿ? ತಾಲೂಕಿಗೊಬ್ರು ಡಾಕ್ಟ್ರು, ಅವರಿಗೆ ದನದ ಕಿವಿ ಓಲೆ ಹಾಕೋದ್ರಾಗ ವರ್ಷ ಮುಗೀತೈತಿ.

ಶೆಡ್ ಕಟ್ಟೋನು
ಆಡಿಟ್ ಬಿಡಿ, ಆ ಬಾಗಿಲಿಗೆ ಎಷ್ಟಾಗುತ್ತೆ ಅಂತ ಯಾರೂ ಹೇಳ್ಲಿಲ್ಲ. 5 ಸಾವಿರ ಕೋಳಿಯ ಶೆಡ್ಡಿಗೆ ನಿಜಕ್ಕೂ ಕೆಲಸ ಮಾಡೋದು ಇವು:

ಬಾಗಿಲ ಒಳಗೆ ಒಂದೂವರೆ ಅಡಿ ಎತ್ತರದ ಕಟ್ಟೆ, ಮೇಲೆ ಶಹಾಬಾದ್ ಕಲ್ಲು. ಹೊರಗಿನ ಚಪ್ಪಲಿ ಕಟ್ಟೆಯ ಆ ಕಡೆ ಬಿಡಬೇಕು. ಕೂತು, ಕಾಲು ಎತ್ತಿ ತಿರುಗಿಸಿ, ಈ ಕಡೆ ಇರೋ ಗಮ್‌ಬೂಟಿಗೆ ಇಳೀಬೇಕು. ಆ ಬೂಟು ಶೆಡ್ ಬಿಟ್ಟು ಆಚೆ ಹೋಗಬಾರದು. ಕಲ್ಲು, ಇಟ್ಟಿಗೆ, ಎರಡು ಜೊತೆ ಬೂಟು, ಒಂದು ಕೊಳಾಯಿ. ಒಂದು ಮೂಟೆ ಫೀಡಿನ ದುಡ್ಡು ನಾಲ್ಕೈದು ಸಲ ಸೇರಿಸಿದ್ರೆ ಮುಗೀತು.

ಎಲ್ಲರೂ ಮಾಡೋದು ಏನು? ಗೇಟಲ್ಲಿ ಬಿಸಿಲಿಗೆ ಒಂದು ಟಬ್ಬು, ಅದರಲ್ಲಿ ಮೊನ್ನೆಯ ಬ್ಲೀಚಿಂಗ್ ನೀರು, ಮೇಲೆ ತೇಲೋ ಭತ್ತದ ಹೊಟ್ಟು. ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತೆ, ಉಳಿದದ್ದನ್ನ ಸಗಣಿ-ಹಿಕ್ಕೆ ಕುಡಿದುಬಿಡುತ್ತೆ. ಅದು ಟಬ್ಬಲ್ಲ, ದೃಷ್ಟಿಬೊಟ್ಟು. ಇಡೋದೇ ಆದ್ರೆ ನೆರಳಲ್ಲಿ ಎರಡು ಟಬ್ಬು ಇಡಿ. ಮೊದಲನೇದರಲ್ಲಿ ಸೋಪಿನ ನೀರು ಮತ್ತು ಬ್ರಷ್ಷು, ಬೂಟಿನ ತಳ ತಿಕ್ಕಿ ತೊಳೀಬೇಕು. ಎರಡನೇದರಲ್ಲಿ ಔಷಧ, ದಿನಾ ಹೊಸದು. ಬ್ಲೀಚಿಂಗ್ ಪೌಡರ್ ಆದ್ರೆ ಲೀಟರಿಗೆ 30 ಗ್ರಾಂ, ಪ್ಯಾಕೆಟ್ ಒಡೆದು ತಿಂಗಳಾಗಿದ್ರೆ ಬಿಸಾಕಿ.

ಬರೀ ಓದುಗ
"ಅದು ಟಬ್ಬಲ್ಲ, ದೃಷ್ಟಿಬೊಟ್ಟು" 👏

ಕಡಲಬದಿ
ಲಾರಿಗೆ ಚಕ್ರ ಮುಳುಗೋ ತೊಟ್ಟಿ ಕಟ್ಟಿಸಿ ಅಂತ ಹೇಳ್ತಾರಲ್ಲ, ಅದು?

ಶೆಡ್ ಕಟ್ಟೋನು
ಕಟ್ಟಿಸಬೇಡಿ ಅಣ್ಣ. ಲೆಕ್ಕ ಹಾಕಿ ನೋಡಿ. ಲಾರಿ ಟೈರು ಸುಮಾರು 1 ಮೀಟರ್ ಅಡ್ಡಳತೆ, ಒಂದು ಪೂರ್ತಿ ಸುತ್ತು ಉರುಳೋಕೆ 3.14 ಮೀಟರ್ ಬೇಕು. ಹಾಗಾಗಿ ತೊಟ್ಟಿ ಕನಿಷ್ಠ 4 ಮೀಟರ್ ಉದ್ದ, 3 ಮೀಟರ್ ಅಗಲ, ಅರ್ಧ ಅಡಿ ಆಳ. ಅದು 1,800 ಲೀಟರ್. 1% ದ್ರಾವಣ ಅಂದ್ರೆ ಒಂದು ಸಲಕ್ಕೆ 18 ಕೆ.ಜಿ. ಔಷಧ. ಒಂದು ಮಳೆ ಬಿದ್ರೆ ನೀರುಪಾಲು, ಎರಡು ಲಾರಿ ಹೋದ್ರೆ ಕೆಸರುಗುಂಡಿ. ಅದೇ ಔಷಧಾನ 16 ಲೀಟರ್ ಬೆನ್ನಿನ ಸ್ಪ್ರೇಯರಲ್ಲಿ ಕಲಸಿ, ಚಕ್ರ, ಮಡ್‌ಗಾರ್ಡಿನ ಒಳಭಾಗ, ಡ್ರೈವರ್ ಕಾಲಿಡೋ ಮ್ಯಾಟು ಮೂರಕ್ಕೂ ಹೊಡೆದು 10 ನಿಮಿಷ ಬಿಟ್ರೆ ಸಾಕು. ಮೊದಲು ಕೆಸರು ತೊಳೆದಿರಬೇಕು, ಅಷ್ಟೇ. ಇನ್ನೂ ಒಳ್ಳೇದು, ಲಾರೀನ ಒಳಗೇ ಬಿಡಬೇಡಿ. ಫೀಡ್ ಗೋಡೌನು, ಮೊಟ್ಟೆ ರೂಮು ಎರಡನ್ನೂ ರಸ್ತೆ ಕಡೆ ಕಟ್ಟಿಸಿ.

ಹೊಸಪೇಟೆ ತತ್ತಿ
ಟ್ರೇ ಮರೀಬ್ಯಾಡ್ರಿ. ರಟ್ಟಿನ ಟ್ರೇ ಐದಾರು ಫಾರ್ಮ್ ತಿರುಗಿ ಬರ್ತಾವ, ಅದನ್ನ ತೊಳ್ಯಾಕ ಬರಂಗಿಲ್ಲ. ಪ್ಲಾಸ್ಟಿಕ್ ಟ್ರೇ ಮಾಡ್ಕೊಂಡು ಫಾರ್ಮಿನ ಹೆಸರು ಹಚ್ಚಿ ಇಡ್ರಿ. ತಿರುಗಿ ಬಂದದ್ದನ್ನ ಮುಳುಗಿಸಿ, ಒಣಗಿಸಿ, ಆಮ್ಯಾಲ ಒಳಗ. ಗೊಬ್ಬರ ತುಂಬಾಕ ವ್ಯಾಪಾರಿ ತರೋ ಹಳೇ ಗೋಣಿಚೀಲಾನೂ ಅಷ್ಟ, ಹೊರಗ ಇಡ್ರಿ.

ಪಶುವೈದ್ಯ ಕೋಲಾರ
ನೀರಿನ ಮಾತೂ ಸೇರಿಸ್ತೀನಿ. ಕೆರೆ ನೀರು, ಕೃಷಿಹೊಂಡದ ನೀರು ಕೋಳಿಗೆ ಕುಡಿಸೋ ಫಾರ್ಮ್ ಬಯಲುಸೀಮೇಲಿ ಬೇಕಾದಷ್ಟಿವೆ. ಬಾತು ಇಳಿಯೋ ನೀರಲ್ಲಿ ವೈರಸ್ ತಂಪಿದ್ದಾಗ ವಾರಗಟ್ಟಲೆ ಉಳಿಯುತ್ತೆ. ಸಾವಿರ ಲೀಟರ್ ಟ್ಯಾಂಕಿಗೆ 10ರಿಂದ 15 ಗ್ರಾಂ ಬ್ಲೀಚಿಂಗ್ ಪೌಡರ್, ಹಿಂದಿನ ರಾತ್ರಿ ಬಕೆಟ್ಟಲ್ಲಿ ಕಲಸಿ, ತಿಳಿನೀರು ಮಾತ್ರ ಹಾಕಿ. 3ರಿಂದ 5 ಪಿಪಿಎಂ, ಅಂದ್ರೆ ಲೀಟರಿಗೆ ಅಷ್ಟು ಮಿಲಿಗ್ರಾಂ ಕ್ಲೋರಿನ್ ಬರುತ್ತೆ. ಆದರೆ ಕೊಕ್ಕರೆ ರೋಗದ ಲಸೋಟಾ ಲಸಿಕೆ ನೀರಲ್ಲಿ ಕೊಡೋ ಹಿಂದಿನ ದಿನವೇ ಕ್ಲೋರಿನ್ ನಿಲ್ಲಿಸಿ, ಇಲ್ಲಾಂದ್ರೆ ಲಸಿಕೆ ಸತ್ತು ಹೋಗುತ್ತೆ. ಆಮೇಲೆ ಕೊಕ್ಕರೆ ರೋಗ ಬಂದು ಹಕ್ಕಿಜ್ವರ ಅಂತ ಊರೆಲ್ಲ ಗಾಬರಿ ಬೀಳೋದು. ಲಸಿಕೆ ನೀರಿಗೆ ಲೀಟರಿಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಹಾಕಿದ್ರೆ ಉಳಿದ ಕ್ಲೋರಿನ್ ಕಾಟ ತಪ್ಪುತ್ತೆ.

ಬರೀ ಓದುಗ
ಲಸಿಕೆ ಅಂದ್ರಲ್ಲ, ಹಕ್ಕಿಜ್ವರಕ್ಕೇ ಲಸಿಕೆ ಹಾಕಿದ್ರೆ ಇಷ್ಟೆಲ್ಲ ಗೋಳೇ ಇರಲ್ವಲ್ಲ?

ಪಶುವೈದ್ಯ ಕೋಲಾರ
ಇಲ್ಲಿ ಎರಡು ಬೇರೆ ಬೇರೆ. ಎಚ್9ಎನ್2 ಅಂತ ಕಡಿಮೆ ಉಗ್ರದ್ದು ಒಂದಿದೆ. ಕೋಳಿ ಸಾಲುಸಾಲಾಗಿ ಸಾಯಲ್ಲ, ಮೊಟ್ಟೆ ಬೀಳುತ್ತೆ. ಅದಕ್ಕೆ ಭೋಪಾಲಿನ ಸಂಸ್ಥೆಯೇ ಲಸಿಕೆ ಮಾಡಿದೆ, ಬಳಸೋಕೆ ಅನುಮತಿ ಉಂಟು. ಎಚ್5ಎನ್1ಗೆ ಭಾರತದಲ್ಲಿ ಲಸಿಕೆ ಹಾಕೋಕೆ ಅನುಮತಿ ಇಲ್ಲ. ನೀತಿ ಪತ್ತೆ ಹಚ್ಚು, ಕೊಲ್ಲು ಅಂತ. ಕಾರಣ ಏನಂದ್ರೆ, ಲಸಿಕೆ ಹಾಕಿದ ಕೋಳಿ ಸಾಯದೆ ವೈರಸ್ ಮಾತ್ರ ಹೊರಹಾಕ್ತಾ ಇರಬಹುದು. ಸಾವೇ ಇಲ್ಲದ ಮೇಲೆ ಗೊತ್ತಾಗೋದು ಹೇಗೆ? ಅದನ್ನ ಹಿಡಿಯೋಕೆ ಪ್ರತಿ ಫಾರ್ಮಲ್ಲಿ ಲಸಿಕೆ ಹಾಕದೆ ಬಿಟ್ಟ ನಿಗಾ ಕೋಳಿ, ತಿಂಗಳು ತಿಂಗಳು ಸ್ವಾಬು ಬೇಕು. ಲಸಿಕೆಗಿಂತ ಆ ಪರೀಕ್ಷೆಗೇ ಖರ್ಚು.

ಬೋಸ್ಟನ್ ಕನ್ನಡಿಗ
ಫ್ರಾನ್ಸ್ ಆ ಖರ್ಚು ಮಾಡಿ ತೋರಿಸಿದೆ ಸಾರ್. 2023ರ ಅಕ್ಟೋಬರಿಂದ ಬಾತುಗಳಿಗೆ ಲಸಿಕೆ. ಮೊದಲ ವರ್ಷ ಖರ್ಚಿನ 85% ಸರ್ಕಾರದ್ದು, ಮಾರನೇ ವರ್ಷ 70%. ಅದಕ್ಕೂ ಹಿಂದಿನ ಹಂಗಾಮಲ್ಲಿ ನೂರಾರು ಫಾರ್ಮಿಗೆ ಬಿದ್ದಿದ್ದ ರೋಗ, ಲಸಿಕೆ ಹಾಕಿದ ಹಂಗಾಮಲ್ಲಿ ಹತ್ತರ ಆಸುಪಾಸಿಗೆ ಇಳೀತು.

ಲೆಕ್ಕದ ಮೇಷ್ಟ್ರು
ಬಾತಿಗೆ ಹಾಕಿದ್ರು, ಬ್ರಾಯ್ಲರಿಗಲ್ಲ. 35-40 ದಿನಕ್ಕೆ ಮಾರೋ ಕೋಳಿಗೆ ಎರಡು ಸಲ ಸೂಜಿ ಚುಚ್ಚಿ, ರಕ್ಷಣೆ ಏಳೋ ಹೊತ್ತಿಗೆ ಕೋಳಿ ಅಂಗಡಿ ಕೊಕ್ಕೆಯಲ್ಲಿರುತ್ತೆ. ಆ ಮಾದರಿ ನಮ್ಮಲ್ಲಿ ಹೊಂದೋದಾದ್ರೆ ಕೇರಳದ ಆಲಪ್ಪುಳ, ಕುಟ್ಟನಾಡಿನ ಬಾತಿಗೆ. ಮಾಂಸ ರಫ್ತಿನ ಪ್ರಶ್ನೆ ಬೇರೆ. ಫ್ರಾನ್ಸ್ ಲಸಿಕೆ ಶುರು ಮಾಡಿದ ಕೂಡಲೇ ನಿಮ್ಮ ಅಮೆರಿಕವೇ ಅಲ್ಲಿನ ಕೋಳಿ-ಬಾತು ಆಮದಿಗೆ ತಡೆ ಹಾಕ್ತಲ್ಲ.

ಬೋಸ್ಟನ್ ಕನ್ನಡಿಗ
ನಮ್ಮ ಅಮೆರಿಕ ಅಲ್ಲ ಮೇಷ್ಟ್ರೇ, ನಾನಿನ್ನೂ ವೀಸಾ ಗಿರಾಕಿ 😅 ಆದರೆ ಮಾತು ನಿಜ.

ಕೆರೆಕಾವಲು
ಎರಡು ಪುಟ ಆಯ್ತು, ಪ್ರಶ್ನೆ ಕೇಳಿದವರ ಅರ್ಧ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಕಾಡುಹಕ್ಕಿ.

ಮೊದಲು ಒಂದು ತಪ್ಪು ತಿದ್ದೋಣ. ಕೆರೆಗೆ ಬರೋ ಹಕ್ಕಿಯೇ ಕಳ್ಳ ಅಂತ ಎಲ್ಲರೂ ಶುರು ಮಾಡ್ತಾರೆ. 2021ರ ಜನವರಿಯಲ್ಲಿ ಹಿಮಾಚಲದ ಪಾಂಗ್ ಜಲಾಶಯದಲ್ಲಿ ಎಚ್5ಎನ್1ಗೆ ಸಾವಿರಗಟ್ಟಲೆ ವಲಸೆ ಹಕ್ಕಿ ಸತ್ತವು, ಬಹುಪಾಲು ಪಟ್ಟೆತಲೆ ಹೆಬ್ಬಾತು. ಅವೂ ಪೆಟ್ಟು ತಿಂದೋವೇ. ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರೋದೂ ಇದೇ ಹೆಬ್ಬಾತು. ಹಗಲು ಕೆರೇಲಿ ಕೂತು ರಾತ್ರಿ ಶೇಂಗಾ, ಕಡಲೆ ಹೊಲಕ್ಕೆ ಮೇಯೋಕೆ ಹೋಗುತ್ತೆ. ಹಾಗಾಗಿ ಹೊಲದಲ್ಲಿ ಅದರ ಹಿಕ್ಕೆ ತುಳಿದು ಅದೇ ಚಪ್ಪಲೀಲಿ ಕೋಳಿಗೂಡಿಗೆ ಹೋಗೋದು ಅಪಾಯ. ಹೆಬ್ಬಾತು ಶೆಡ್ಡಿನ ಮೇಲೆ ಹಾರಿಹೋಗೋದು ಅಷ್ಟು ದೊಡ್ಡ ಅಪಾಯ ಅಲ್ಲ.

ದುಡ್ಡಿನ ವಿಷಯ. ಕಾಡುಹಕ್ಕಿ ಅರಣ್ಯ ಇಲಾಖೆ ಪಾಲು, ರೋಗ ಪಶುಸಂಗೋಪನೆ ಪಾಲು, ಕೆರೆ ಬಹಳ ಕಡೆ ಸಣ್ಣ ನೀರಾವರಿ ಇಲ್ಲವೇ ಪಂಚಾಯ್ತಿ ಪಾಲು. ಸತ್ತ ಹಕ್ಕಿ ಮೂವರದ್ದೂ ಅಲ್ಲ. ಮಧ್ಯ ಏಷ್ಯಾ ಹಾರುದಾರಿಯ ಹಕ್ಕಿಗಳಿಗೆ ಅಂತ 2018-2023ರ ರಾಷ್ಟ್ರೀಯ ಕ್ರಿಯಾಯೋಜನೆ ಬಂತು. ಆದರೆ ಹಿಕ್ಕೆ ಮಾದರಿ ತೆಗೆಯೋ ಹುಡುಗನಿಗೆ ಐಸ್ ಬಾಕ್ಸು, ಸ್ವಾಬು, ಬಸ್ ಚಾರ್ಜು ಯಾರ ಬಿಲ್ಲಲ್ಲಿ ಅನ್ನೋದು ಪ್ರತಿ ಚಳಿಗಾಲ ಹೊಸದಾಗಿ ಇತ್ಯರ್ಥ ಆಗಬೇಕು.

ಹಳ್ಳಿಕೋಳಿ
ಹಿಕ್ಕೆ ಮಾದರಿ ಅಂದ್ರೆ ಹೇಗೆ ತೆಗೀತಾರೆ?

ಕೆರೆಕಾವಲು
ಬೆಳಗ್ಗೆ ಹಿಂಡು ಏಳೋವರೆಗೆ ದೂರದಿಂದ ಕಾಯಬೇಕು, ಯಾವ ಜಾತಿ ಕೂತಿತ್ತು ಅಂತ ಗುರುತು ಹಾಕ್ಕೋಬೇಕು. ಎದ್ದ ತಕ್ಷಣ ಹೋಗಿ, ಇನ್ನೂ ಒದ್ದೆ ಇರೋ ಹಿಕ್ಕೆಯ ನಡುಭಾಗದಿಂದ ಸ್ವಾಬು. ಮಣ್ಣಿಗೆ ತಾಗಿದ ಅಡಿಭಾಗ ಬೇಡ. ವೈರಸ್ ಕೆಡದ ಹಾಗೆ ಇಡೋ ದ್ರಾವಣದ ಶೀಶೆಗೆ ಅದ್ದಿ ಮುಚ್ಚಿ, ಐಸಿನ ಮೇಲೆ. ಒಣಗಿದ್ದು ತೆಗೆದ್ರೆ ದುಡ್ಡು ದಂಡ. ಏನೂ ಸಿಗಲ್ಲ, ನೆಗೆಟಿವ್ ಅಂತ ನೆಮ್ಮದಿ ಮಾತ್ರ ಸಿಗುತ್ತೆ. ಒಂದು ಕೆರೆಗೆ ಹತ್ತಿಪ್ಪತ್ತು ತೆಗೆದ್ರೂ ಸಾಲಲ್ಲ, ಆರೋಗ್ಯವಾಗಿ ಕಾಣೋ ಹಿಂಡಲ್ಲಿ ವೈರಸ್ ಇರೋದು ಕಡಿಮೆ ಹಕ್ಕಿಗಳಲ್ಲಿ. ಅದಕ್ಕೇ ಇರೋ ದುಡ್ಡನ್ನ ಸತ್ತ ಮತ್ತು ನಿತ್ರಾಣ ಹಕ್ಕಿ ಬೇಗ ಎತ್ತೋಕೆ ಹಾಕಬೇಕು ಅಂತ ನನ್ನ ವಾದ.

ಸತ್ತ ಹಕ್ಕಿ ಕಂಡ್ರೆ ಬರಿಗೈಲಿ ಮುಟ್ಟಬೇಡಿ. ಕವರ್ ಒಳಗೆ ಕೈ ಹಾಕಿ ಹಿಡಿದು, ಕವರ್ ಒಳಹೊರಗು ಮಾಡಿ ಕಟ್ಟಿ, ಇನ್ನೊಂದು ಕವರಿಗೆ. ಜಾಗ, ಜಾತಿ, ಎಷ್ಟು ಅಂತ ಬರೀರಿ. ಸತ್ತದ್ದೆಲ್ಲ ಹಕ್ಕಿಜ್ವರ ಅಲ್ಲ. 2017-18ರಲ್ಲಿ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಗಳು ಸತ್ತಾಗ ಊರೆಲ್ಲ ಇದೇ ಗುಮಾನಿ, ಸಿಕ್ಕಿದ್ದು ಹೊಟ್ಟೆಯ ಜಂತುಹುಳು. ಬೇಸಿಗೇಲಿ ಕೆರೆ ಬತ್ತೋವಾಗ ಕತ್ತು ಎತ್ತಲಾಗದೆ ಸಾಯೋದು ಬಾಟುಲಿಸಂ (ಬ್ಯಾಕ್ಟೀರಿಯಾ ವಿಷ) ಇರಬಹುದು. ಹೊಲದ ಪಕ್ಕ ಒಂದೇ ಜಾಗದಲ್ಲಿ ಹತ್ತು ಪಾರಿವಾಳ ಬಿದ್ದಿದ್ರೆ ಕೀಟನಾಶಕ ನೋಡಿ.

ಕಡಲಬದಿ
ಮೈಸೂರು ಝೂ ಒಂದು ತಿಂಗಳು ಮುಚ್ಚಿದ್ದು ಹಕ್ಕಿಜ್ವರಕ್ಕೇ ಅಲ್ವಾ?

ಕೆರೆಕಾವಲು
ಹೌದು, 2017ರ ಜನವರಿ, ಎಚ್5ಎನ್8 ಅನ್ನೋ ಇನ್ನೊಂದು ಬಗೆ. ಝೂಗಳಿಗೆ ಈಗ ಇನ್ನೊಂದು ತಲೆನೋವು. 2024ರ ಕೊನೇಲಿ ನಾಗಪುರದ ಗೋರೇವಾಡಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಎಚ್5ಎನ್1ಗೆ ಸತ್ತವು. ಹುಲಿಗೆ ಹಸಿ ಕೋಳಿ ಹಾಕೋ ಕಡೆಯೆಲ್ಲ ಮಾಂಸ ಎಲ್ಲಿಂದ ಬರುತ್ತೆ ಅನ್ನೋದೂ ಹಕ್ಕಿಜ್ವರದ ಬಜೆಟ್ಟಿಗೆ ಸೇರಬೇಕು.

ಬರೀ ಓದುಗ
ಅದೆಲ್ಲ ಇರಲಿ, ಮೊಟ್ಟೆ ತಿನ್ನಬಹುದಾ?

ಪಶುವೈದ್ಯ ಕೋಲಾರ
ಬೇಯಿಸಿದ್ದು ತಿನ್ನಿ. 70 ಡಿಗ್ರಿಗೆ ವೈರಸ್ ಸಾಯುತ್ತೆ, ನಮ್ಮ ಸಾರು ಕುದಿಯೋದು ಅದಕ್ಕಿಂತ ಮೇಲೆ. ಹಾಫ್ ಬಾಯ್ಲು ಆ ಸಮಯದಲ್ಲಿ ಬೇಡ. ಹಸಿ ಮಾಂಸದ ಚೂರು ಮಕ್ಕಳ ಕೈಗೆ ಕೊಡಬೇಡಿ. 2025ರ ಮಾರ್ಚಲ್ಲಿ ಆಂಧ್ರದ ನರಸರಾವುಪೇಟೆಯ ಪುಟ್ಟ ಹುಡುಗಿ ಎಚ್5ಎನ್1ಗೆ ತೀರಿಕೊಂಡದ್ದು ಹಸಿ ಕೋಳಿಮಾಂಸ ತಿಂದ ಮೇಲೆ.

ಹೊಸಪೇಟೆ ತತ್ತಿ
ಕೊಂದ ಕೋಳಿ ಹೂಳೋ ಗುಂಡಿ ಬಗ್ಗೆ ಯಾರರ ಹೇಳ್ರಿ. ಎರಿ ಭೂಮಿಯೊಳಗ ಹೂಳಿದ್ರ ಬಾವಿ ನೀರು ಕೆಡ್ತೈತಿ ಅಂತ ಸುತ್ತಿನ ಮಂದಿ ಜಗಳಕ್ಕ ಬರ್ತಾರ.

ಶೆಡ್ ಕಟ್ಟೋನು
ಅಳತೆ ಹೇಳ್ತೀನಿ. 2 ಮೀಟರ್ ಆಳದ ಗುಂಡೀಲಿ ಪ್ರತಿ 300 ಕೋಳಿಗೆ 1.3 ಚದರ ಮೀಟರ್ ತಳ ಬೇಕು. 10 ಸಾವಿರ ಕೋಳಿಗೆ 43 ಚದರ ಮೀಟರ್. ಜೆಸಿಬಿಗೆ ಅನುಕೂಲ ಆಗೋ ಹಾಗೆ 2 ಮೀಟರ್ ಅಗಲ, 22 ಮೀಟರ್ ಉದ್ದದ ಕಾಲುವೆ. ಆಳ ಹೆಚ್ಚಿದ್ರೆ ಉದ್ದ ಕಡಿಮೆ ಆಗುತ್ತೆ, ಆದರೆ ಒಸರು ನೀರು ಕಂಡ್ರೆ ಅಲ್ಲೇ ನಿಲ್ಲಿಸಿ ಜಾಗ ಬದಲಿಸಿ.

ಎಲ್ಲರೂ ಮಾಡೋ ತಪ್ಪು ಸುಣ್ಣದ್ದು. ಕೋಳಿ ಮೇಲೆ ನೇರ ಸುಣ್ಣ ಸುರೀತಾರೆ. ಹಾಗೆ ಹಾಕಿದ್ರೆ ಹೆಣ ಕೊಳೆಯೋದು ತಡ ಆಗುತ್ತೆ. ಕೋಳಿ ಮೇಲೆ 40 ಸೆಂ.ಮೀ. ಮಣ್ಣು, ಅದರ ಮೇಲೆ ಬಿರುಕಿಲ್ಲದ ಹಾಗೆ ಸುಣ್ಣದ ಪದರ, ಮತ್ತೆ ಮಣ್ಣು. ದಿಬ್ಬ ಮಾಡಿ ಬಿಡಿ, ಒತ್ತಬೇಡಿ. ಗ್ಯಾಸ್ ಎದ್ದು ಆಮೇಲೆ ತಾನಾಗೇ ಕೂರುತ್ತೆ. ರೋಲರ್ ಹೊಡೆದ್ರೆ ಪಕ್ಕದಿಂದ ರಸ ಉಕ್ಕುತ್ತೆ. ನಾಯಿ ತೋಡದ ಹಾಗೆ ಸುತ್ತ ಬೇಲಿ.

ಪಶುವೈದ್ಯ ಕೋಲಾರ
ಸರಿಯಾಗಿದೆ. ಒಂದು ಸೇರಿಸಿ, ಲಿಟರ್ (ಶೆಡ್ಡಿನ ನೆಲದ ಹೊಟ್ಟು-ಹಿಕ್ಕೆ) ಕೂಡ ಅಲ್ಲೇ ಹೂಳಬೇಕು ಇಲ್ಲವೇ ಮುಚ್ಚಿ ಕಾಂಪೋಸ್ಟ್ ಮಾಡಬೇಕು. ಗೊಬ್ಬರಕ್ಕೆ ರೇಟಿದೆ ಅಂತ ಮಾರಿಬಿಡೋದು ದೊಡ್ಡ ಅನಾಹುತ. ಸುತ್ತಳತೆ ಬಗ್ಗೆ ಗಾಬರಿ ಬೀಳೋರಿಗೆ: ಕೋಳಿ ಕೊಲ್ಲೋದು ರೋಗ ಸಿಕ್ಕ ಜಾಗದಿಂದ 1 ಕಿ.ಮೀ. ಒಳಗೆ. 1ರಿಂದ 10 ಕಿ.ಮೀ. ನಿಗಾ ವಲಯ, ಅಲ್ಲಿ ಮಾದರಿ ತೆಗೀತಾರೆ, ಕೊಲ್ಲಲ್ಲ. ಕಾಡುಹಕ್ಕಿ ಎಲ್ಲೂ ಕೊಲ್ಲೋ ಹಾಗಿಲ್ಲ.

ಹಳ್ಳಿಕೋಳಿ
ಎಲ್ಲರಿಗೂ ಧನ್ಯವಾದ. ತಾಲ್ಲೂಕು ಮಟ್ಟದ ಸಭೆಗೆ ಕೊಡೋಕೆ ಮನವಿ ಬರೀತಿದೀನಿ, ನೋಡಿ ತಿದ್ದಿ.

ಒಂದು, ಪರಿಹಾರದ ದರವನ್ನು ಕೋಳಿಯ ವಯಸ್ಸು ಮತ್ತು ಅಂದಿನ ಫೀಡ್ ದರಕ್ಕೆ ಜೋಡಿಸಬೇಕು. ಎರಡು, ಕಟ್ಟೆ, ಗಮ್‌ಬೂಟು, ಸ್ಪ್ರೇಯರು, ಬಲೆ ಈ ನಾಲ್ಕಕ್ಕೆ ಸಣ್ಣ ಸಾಕಣೆದಾರರಿಗೆ ಸಹಾಯಧನ. ಮೂರು, ಕೆರೆಗಳ ಹಕ್ಕಿ ಮಾದರಿಗೆ ಅರಣ್ಯ ಮತ್ತು ಪಶುಸಂಗೋಪನೆ ಸೇರಿ ಒಂದೇ ಬಿಲ್ಲು. ನಾಲ್ಕು, ರೋಗದಿಂದ ಸತ್ತ ಕೋಳಿಗಳಿಗೆ ಶೀಘ್ರ ಪರಿಹಾರ.

ಲೆಕ್ಕದ ಮೇಷ್ಟ್ರು
ಎರಡನೇದಕ್ಕೆ ದಾರಿ ತೋರಿಸದಿದ್ರೆ ಅನುದಾನ ಇಲ್ಲ ಅಂತ ಕಳಿಸ್ತಾರೆ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಗ್ರಾಮೀಣ ಕೋಳಿ ಉದ್ಯಮಕ್ಕೆ 50% ಬಂಡವಾಳ ಸಹಾಯಧನ ಇದೆ, 25 ಲಕ್ಷದವರೆಗೆ. ಆದರೆ ಅದು ಸಾವಿರ ಪೇರೆಂಟ್ ಕೋಳಿ (ಮರಿಗಾಗಿ ಸಾಕೋ ತಾಯಿ ಕೋಳಿ), ಮರಿ ಮಾಡಿಸೋ ಹ್ಯಾಚರಿ ಇರೋ ಘಟಕಕ್ಕೆ. ಹಾಗೆ ಅರ್ಜಿ ಹಾಕೋರು ಈ ನಾಲ್ಕನ್ನೂ ಯೋಜನಾ ವರದೀಲೇ ಸೇರಿಸಲಿ. 5 ಸಾವಿರ ಬ್ರಾಯ್ಲರಿನೋರಿಗೆ ಅದು ಸಿಗಲ್ಲ, ಅವರಿಗೆ ಜಿಲ್ಲಾ ಪಂಚಾಯ್ತಿ ಹಣದಲ್ಲಿ ಕೊಡಿ ಅಂತ ಬೇರೆ ಪ್ಯಾರಾ ಹಾಕಿ.

ಶೆಡ್ ಕಟ್ಟೋನು
ಬಲೆ ಅಂತ ಮಾತ್ರ ಬರೀಬೇಡಿ, 'ಮುಕ್ಕಾಲು ಇಂಚು ಕಣ್ಣಿನ ಬಲೆ' ಅಂತ ಬರೀರಿ. ಇಲ್ಲಾಂದ್ರೆ ಟೆಂಡರಲ್ಲಿ ಎರಡು ಇಂಚಿನದು ಬರುತ್ತೆ, ಗುಬ್ಬಿ ರಾಜಾರೋಷವಾಗಿ ಒಳಗೆ.

ಪಶುವೈದ್ಯ ಕೋಲಾರ
ನಾಲ್ಕನೇದು ಹಾಗೇ ಕಳಿಸಬೇಡಿ. 'ಸತ್ತ ಕೋಳಿ' ಅಂದ ಕೂಡಲೇ ನಿಯಮದಲ್ಲಿ ಅವಕಾಶ ಇಲ್ಲ ಅಂತ ಷರಾ ಬರೆದು ವಾಪಸ್ ಕಳಿಸ್ತಾರೆ. 'ರೈತ ಮೊದಲ ಮಾಹಿತಿ ಕೊಟ್ಟ ದಿನಾಂಕದಂದು ಜೀವಂತವಿದ್ದ ಕೋಳಿಗಳ ಎಣಿಕೆಯನ್ನೇ ಪರಿಹಾರಕ್ಕೆ ಆಧಾರವಾಗಿ ಪರಿಗಣಿಸಬೇಕು' ಅಂತ ಬದಲಿಸಿ. ಫೋನ್ ಮಾಡಿದ ದಿನ ಕಚೇರೀಲಿ ಲಿಖಿತ ಸ್ವೀಕೃತಿ ಕೊಡಬೇಕು ಅಂತಲೂ ಅದರ ಕೆಳಗೇ ಸೇರಿಸಿ.

ಹಳ್ಳಿಕೋಳಿ
ಬದಲಿಸಿದೆ ಸಾರ್. ಬಲೆಯ ಕಣ್ಣಿನ ಅಳತೇನೂ ಹಾಕಿದೆ.